ಸೊನ್ನೆ ತೆಗೆಯೋದು ಯಾವಾಗ

18 ಮಾರ್ಚ್ 2025, ಮಂಗಳವಾರ
ವಿಜಯಪುರ

ತಿಕೋಟಾದಿಂದ ಬಂದು ಎರಡು ತಾಸಾಯಿತು. ಇನ್ನೂ ಊಟಕ್ಕೆ ಕೂತಿಲ್ಲ. ಅವ್ವ ಎರಡು ಸಲ ಕರೆದಳು. ಕೋಲ್ಡ್ ಸ್ಟೋರೇಜ್‌ನ ಲೆಕ್ಕ ಬರೆಯುವ ದಿವಾನಜಿ ಕಾಕಾ ಕೇಳಿದ ಮಾತು ತಲೆಯಿಂದ ಹೋಗ್ತಾನೇ ಇಲ್ಲ.

ಒಣದ್ರಾಕ್ಷಿ ಬರೋಕೆ ಶುರುವಾಗಿದೆ. ಬೆಳಗ್ಗೆಯೇ ಕೋಲ್ಡ್ ಸ್ಟೋರೇಜ್ ಮುಂದೆ ಐದು ಟೆಂಪೋ ನಿಂತಿದ್ದವು. ಮೂರನೇ ರೂಮಿನೊಳಗೆ ನೆಟ್‌ವರ್ಕ್ ಸಿಗಲ್ಲ, ಅದು ಹಳೇ ಗೋಳು. ದಪ್ಪ ಗೋಡೆ, ದಪ್ಪ ಬಾಗಿಲು, ನಾಲ್ಕೈದು ಡಿಗ್ರಿ ಚಳಿ. ಒಳಗೆ ನಿಂತು ಮೊಬೈಲ್‌ನಲ್ಲಿ ಬರೆದಿದ್ದು, ಹೊರಗೆ ಬಂದಾಗ ತಾನಾಗೇ ಸರ್ವರ್‌ಗೆ ಸೇರಬೇಕು. ಅದಕ್ಕೊಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಹುಡುಕಿಟ್ಟಿದ್ದೇನೆ. ವರ್ಶನ್ 0.9.4. ಹದಿನೈದು ದಿನದಿಂದ ಹಾಕಲೋ ಬೇಡವೋ ಅಂತ ಕೂತಿದ್ದೆ. ಕಾರಣ ಬೇರೇನಿಲ್ಲ, ಮೊದಲಿಗೆ ಆ ಸೊನ್ನೆ.

ಮಧ್ಯಾಹ್ನ ಕಾಕಾ ರೈತರ ಮಾಲಿನ ಲೆಕ್ಕ ಇಡುವ ನಮ್ಮ ಆ್ಯಪ್ ನೋಡುತ್ತಿದ್ದರು. ಹೆಬ್ಬೆರಳಿಗೆ ದ್ರಾಕ್ಷಿಯ ಅಂಟು, ಮುಟ್ಟಿದಲ್ಲೆಲ್ಲ ಗುರುತು. ಧೋತರದ ಚುಂಗಿನಿಂದ ಸ್ಕ್ರೀನ್ ಒರೆಸುವಾಗ ಕೆಳಗಿನ ಸಣ್ಣ ಅಕ್ಷರದ ಮೇಲೆ ಅವರ ಕಣ್ಣು ನಿಂತಿತು.

"ಇದೇನ್ ತಮ್ಮಾ, ಸೊನ್ನಿ ಪಾಯಿಂಟ್ ಎಂಟು ಪಾಯಿಂಟ್ ಎರಡು?"

"ವರ್ಶನ್ ನಂಬರ್ ರೀ ಕಾಕಾ. ತಿದ್ದಿದಂಗೆಲ್ಲ ಏರಿಸ್ಕೋತ ಹೋಗ್ತೀವಿ."

"ಹಂಗಾರ ಇನ್ನೂ ಒಂದ ಆಗಿಲ್ಲ ಅಂದಂಗಾತು. ಎರಡು ಸೀಸನ್ ಆತಲ್ಲೋ, ರೈತರಿಗೆ ಇದರಾಗಿಂದನ ಚೀಟಿ ಹರದು ಕೊಡಾಕತ್ತೀವಿ."

ನನಗೆ ಉತ್ತರ ಬರಲಿಲ್ಲ. ಅವರು ಪಕ್ಕದಲ್ಲಿದ್ದ ಕಿರ್ದಿ ಪುಸ್ತಕದ ಮೇಲೆ ಕೈ ಇಟ್ಟರು. "ನಾ ಇದನ್ನ ಬರಿಯೋದು ಯಾಕ ಬಿಟ್ಟಿಲ್ಲ ಅಂತ ಆವತ್ತು ಕೇಳಿದ್ದೆಲ್ಲ. ನೀ ಸೊನ್ನಿ ತಗಿ. ನಾ ಪೆನ್ನು ಇಡ್ತೀನಿ."

ಸಿಟ್ಟಿನಿಂದ ಹೇಳಿದ್ದಲ್ಲ. ಹೇಳಿ, ಮುಂದಿನ ಟೆಂಪೋದ ಬಾಕ್ಸ್ ಎಣಿಸೋಕೆ ಎದ್ದು ಹೋದರು.

ಹೋದ ವರ್ಷ ಏಪ್ರಿಲ್‌ನಲ್ಲಿ ಏನಾಗಿತ್ತು ಅಂತ ನಮ್ಮಿಬ್ಬರಿಗೇ ಗೊತ್ತು. ಎರಡು ಮೊಬೈಲ್, ಎರಡಕ್ಕೂ ನೆಟ್‌ವರ್ಕ್ ಇಲ್ಲ. ಲಾಟ್ ನಂಬರ್ 212 ಇಬ್ಬರು ರೈತರಿಗೆ ಹೋಯಿತು. ಸರ್ವರ್‌ನಲ್ಲಿ ಉಳಿದಿದ್ದು ಆಮೇಲೆ ಬಂದಿದ್ದು ಮಾತ್ರ, ಮೊದಲನೆಯದು ಅಳಿಸಿಯೇ ಹೋಗಿತ್ತು. ಸಂಜೆ ಕಿರ್ದಿ ತಾಳೆ ನೋಡುವಾಗ ಕಾಕಾ ಹಿಡಿದರು. ಇಲ್ಲದಿದ್ದರೆ ಒಬ್ಬನ ವರ್ಷದ ದುಡಿಮೆ ಯಾರ ಹೆಸರಿನಲ್ಲಿ ಇರುತ್ತಿತ್ತೋ. ಆ ಚೀಟಿ ತೋರಿಸಿ ಸಾಲ ತೆಗೆಯುವವರೂ ಇದ್ದಾರೆ. ಆ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಮನೆಗೆ ಬಂದವನೇ ಟಾಮ್ ಪ್ರೆಸ್ಟನ್-ವರ್ನರ್ ಎಂಬ ಪ್ರೋಗ್ರಾಮರ್ ಬರೆದ ವರ್ಶನ್ ನಿಯಮಗಳನ್ನು ಮತ್ತೆ ತೆರೆದು ಓದಿದೆ. ಹಳೇ ಕೋಡ್ ಮುರಿಯುವಂಥ ಬದಲಾವಣೆ ಮಾಡಿದರೆ ಮೊದಲ ಅಂಕಿ ಏರಬೇಕು. ಹೊಸದು ಸೇರಿಸಿದರೆ ನಡುವಿನದು. ಬರೀ ರಿಪೇರಿ ಆದರೆ ಕೊನೆಯದು. ದಶಮಾಂಶದ ಲೆಕ್ಕ ಅಲ್ಲ ಇದು, 0.9 ಆದ ಮೇಲೆ 0.10 ಬರಬಹುದು. ಮೊದಲಿಗೆ ಸೊನ್ನೆ ಇದ್ದರೆ ಯಾವಾಗ ಏನು ಬೇಕಾದರೂ ಬದಲಾಗಬಹುದು ಅಂತ. ಟೂಲ್ ಕೆಟ್ಟದ್ದು ಅಂತ ಎಲ್ಲೂ ಹೇಳಿಲ್ಲ. ಕೆಳಗಿನ ಪ್ರಶ್ನೋತ್ತರದಲ್ಲಿ ಇನ್ನೊಂದು ಮಾತಿದೆ: ನಿಜವಾದ ಕೆಲಸಕ್ಕೆ ಬಳಸುತ್ತಿದ್ದರೆ ಅದು ಇಷ್ಟೊತ್ತಿಗೆ 1.0.0 ಆಗಿರಬೇಕು. ಈ ನಿಯಮ ಲೈಬ್ರರಿಗಳಿಗೆ ಬರೆದಿದ್ದು, ನಮ್ಮಂಥ ಆ್ಯಪ್‌ಗೆ ಪೂರ್ತಿ ಹೊಂದಲ್ಲ. ಆದರೂ ಕಾಕಾ ಕೇಳಿದ್ದು ಇದನ್ನೇ ಅಲ್ವಾ?

ಬರೀ ನಂಬರ್ ನೋಡಿ ಟೂಲ್ ಆರಿಸೋದು ತಪ್ಪು ಅಂತ ಇವತ್ತು ಖಾತ್ರಿಯಾಯಿತು. ಮೊಬೈಲ್ ಆ್ಯಪ್ ಕಟ್ಟುವ ಟೂಲ್ ರಿಯಾಕ್ಟ್ ನೇಟಿವ್ 2015ರಲ್ಲಿ ಬಂತು, ಇವತ್ತಿಗೂ ಸೊನ್ನೆಯಲ್ಲೇ ಇದೆ. ಅದರಲ್ಲಿ ಮಾಡಿದ ಆ್ಯಪ್‌ಗಳು ಎಷ್ಟು ಜನರ ಮೊಬೈಲ್‌ನಲ್ಲಿಲ್ಲ! ಹೋದ ವರ್ಷ ಇದೇ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನೋ ಟೂಲ್‌ನೊಳಗೆ ಯಾರೋ ಕಳ್ಳದಾರಿ ಇಟ್ಟಿದ್ದು ಗೊತ್ತಾಯಿತಲ್ಲ, ಆ ವರ್ಶನ್‌ಗಳು 5.6.0 ಮತ್ತು 5.6.1, ಮೊದಲಿಗೆ ಸೊನ್ನೆಯೇ ಇಲ್ಲ.

ಹಾಗಾಗಿ ಈ ಲೈಬ್ರರಿಯ ಚೇಂಜ್‌ಲಾಗ್, ಅಂದರೆ ಯಾವ ವರ್ಶನ್‌ನಲ್ಲಿ ಏನು ಬದಲಾಯಿತು ಅನ್ನೋ ಪಟ್ಟಿ, ಮೊದಲಿನಿಂದ ಓದಿದೆ. 0.7ರಲ್ಲಿ ಡೇಟಾ ಕಳೆಯುವ ಒಂದು ಬಗ್ ಇತ್ತು. ಮಾಡಿದವರು ಅದನ್ನು ಮುಚ್ಚಿಟ್ಟಿಲ್ಲ. ಎರಡೇ ದಿನದಲ್ಲಿ ರಿಪೇರಿ ಬಿಟ್ಟಿದ್ದಾರೆ. ನಿಮ್ಮ ಡೇಟಾ ಹೋಗಿದೆಯಾ ಅಂತ ಪರೀಕ್ಷೆ ಮಾಡೋದು ಹೇಗೆ ಅಂತಾನೂ ಬರೆದಿದ್ದಾರೆ. ಅದನ್ನು ಓದಿ ನನಗೆ ಜಾಸ್ತಿ ಧೈರ್ಯ ಬಂತು. ಆದರೆ ನೋಡಿಕೊಳ್ಳುವವರು ಒಬ್ಬರೇ. ನಾಳೆ ಅವರು ಕೈಬಿಟ್ಟರೆ? ಆ ಕೋಡ್ ನಾನೇ ಇಟ್ಟುಕೊಂಡು ನಡೆಸಬಲ್ಲೆನಾ? ಸುಮಾರು ಅರ್ಧ ಓದಿದ್ದೇನೆ. ಅರ್ಥವಾಗುತ್ತಿದೆ.

ಆಮೇಲೆ ಪ್ರಯೋಗಕ್ಕೆ ಅಂತ ಆ್ಯಪ್‌ಗೆ ಆ ಲೈಬ್ರರಿ ಸೇರಿಸಿ, ನನ್ನದೊಂದು, ತಂಗಿಯದೊಂದು ಮೊಬೈಲ್ ಫ್ಲೈಟ್ ಮೋಡ್‌ಗೆ ಹಾಕಿ, ಎರಡರಲ್ಲೂ ಲಾಟ್ 212 ಅಂತಲೇ ಬರೆದೆ. ನೆಟ್ ಹಚ್ಚಿದೆ. ಎರಡೂ ಉಳಿದವು! ಪಕ್ಕದಲ್ಲಿ ಕೆಂಪು ಗುರುತು ಬಂತು, ಯಾವುದು ಸರಿ ನೀವೇ ಹೇಳಿ ಅಂತ. ಖುಷಿಯಿಂದ ತಂಗಿಗೆ ತೋರಿಸಿದೆ. ಅವಳು ಮೊಬೈಲ್ ಕಸಿದುಕೊಂಡು ಹೋದಳು.

ಲೈಬ್ರರಿ ಹಾಕೋದು ನಿಶ್ಚಯ. ವರ್ಶನ್ ಸರಿಯಾಗಿ 0.9.4ಕ್ಕೇ ಕಟ್ಟಿಹಾಕುತ್ತೇನೆ, ನಾನು ನೋಡದೆ ಒಂದಂಕಿಯೂ ಏರಬಾರದು.

ಆದರೆ ನಮ್ಮ ಆ್ಯಪ್? ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಅನ್ನೋ ಸಾಫ್ಟ್‌ವೇರ್ ಮಾಡಿದವರು 1993ರಲ್ಲಿ ಶುರು ಮಾಡಿ 1.0 ಅಂದಿದ್ದು 2008ರಲ್ಲಿ. ಹದಿನೈದು ವರ್ಷ. ಅವರಿಗೂ ಹೀಗೇ ಕೈ ಬಂದಿರಲಿಲ್ಲವೇನೋ. ನನಗೆ ಸೊನ್ನೆ ತೆಗೆಯೋದು ಒಂದು ಸಾಲಿನ ಕೆಲಸ. ತೆಗೆದರೆ ಕಾಕಾ ಪೆನ್ನು ಇಟ್ಟೇ ಇಡ್ತಾರೆ, ಮಾತು ತಪ್ಪುವ ಮನುಷ್ಯ ಅಲ್ಲ. 212 ಹಿಡಿಯೋಕೆ ಆಮೇಲೆ ಯಾರೂ ಇರಲ್ಲ. ಈ ಸೀಸನ್ ಮುಗಿಯುವವರೆಗೆ ಕಿರ್ದಿ ಬಿಡಬೇಡ್ರಿ ಅಂತ ನಾನೇ ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡು 1.0 ಅಂತ ಬರೆಯೋಕೆ ಮನಸ್ಸು ಒಪ್ಪುತ್ತಿಲ್ಲ.

ನಾಳೆ ಎರಡೂ ಮೊಬೈಲ್ ತಗೊಂಡು ಮೂರನೇ ರೂಮಿಗೇ ಹೋಗಬೇಕು. ಮನೆಯ ಫ್ಲೈಟ್ ಮೋಡ್ ಬೇರೆ, ಅಲ್ಲಿಯ ಚಳಿ ಬೇರೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ. ತೂಕ ಬರೆದು ಸೇವ್ ಒತ್ತಿದ ಆ ಗಳಿಗೆಯಲ್ಲೇ ಮೊಬೈಲ್ ಆಫ್ ಆದರೆ...