ಚಾಸಿ ನಂಬರ್ ಮೊದಲು, ಮ್ಯಾನ್ಯುಯಲ್ ಆಮೇಲೆ: ಹಳೆಯ ಕಾರಿನ ರಿಸ್ಟೋರೇಶನ್‌ನಲ್ಲಿ ಕಾರ್ಖಾನೆಯ ಪುಸ್ತಕ ಬಳಸುವ ಬಗೆ

ಹಳೆಯ ಕಾರು ಶೆಡ್ಡಿಗೆ ಬಂದ ದಿನವೇ ಒಂದು ಖಾಲಿ ಹಾಳೆಯಲ್ಲಿ ಐದು ನಂಬರ್ ಬರೆದುಕೊಳ್ಳಿ: ಚಾಸಿ, ಬಾಡಿ, ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್. ತಗಡಿನ ಪಟ್ಟಿಯ ಮೇಲಿದ್ದದ್ದನ್ನಷ್ಟೇ ನಂಬಬೇಡಿ, ಲೋಹಕ್ಕೇ ಒತ್ತಿದ ಅಂಕಿಯನ್ನು ತುಕ್ಕು ಕೆರೆದು ಓದಿ. ಈ ಹಾಳೆ ಕೈಯಲ್ಲಿಲ್ಲದೆ ಮ್ಯಾನ್ಯುಯಲ್ ತೆರೆದರೆ ಇನ್ಯಾವುದೋ ಕಾರಿನ ಅಳತೆಯನ್ನು ನಿಮ್ಮ ಕಾರಿಗೆ ಹಾಕುವ ಅಪಾಯ ಇದ್ದೇ ಇದೆ.

ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಮ್‌ಜಿಬಿಯನ್ನೇ ನೋಡಿ. 1962ರಿಂದ 1980ರವರೆಗೆ ಒಂದೇ ಹೆಸರಿನಲ್ಲಿ ತಯಾರಾದ ಕಾರು. 1964ರ ಅಕ್ಟೋಬರ್‌ವರೆಗೆ ಅದರ 1798 ಸಿಸಿ ಎಂಜಿನ್‌ಗೆ ಮೂರು ಮೇನ್ ಬೇರಿಂಗ್ (ಕ್ರ್ಯಾಂಕ್‌ಶಾಫ್ಟ್, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡವನ್ನು ಹೊರುವ ಬೇರಿಂಗ್). ಅಲ್ಲಿಂದ ಮುಂದೆ 18ಜಿಬಿ ಎಂಜಿನ್ ಬಂದು ಬೇರಿಂಗ್ ಐದಾಯಿತು. 1967ರ ಕೊನೆಯಲ್ಲಿ ಬಂದ ಮಾರ್ಕ್ ಎರಡರಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಬಾಡಿಗೆ ಜೋಡಿಸುವ ಪದ್ಧತಿ) ಹೋಗಿ ನೆಗೆಟಿವ್ ಅರ್ಥ್ ಆಯಿತು. 1964ರ ಆರಂಭದ ಕಾರಿಗೆ 1969ರ ವೈರಿಂಗ್ ಪುಟ ತೆರೆದು ಬ್ಯಾಟರಿ ಜೋಡಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ತೊಡಕು: ಅರುವತ್ತು ವರ್ಷದಲ್ಲಿ ಎಂಜಿನ್ ಒಮ್ಮೆಯಾದರೂ ಬದಲಾಗಿರಬಹುದು. ಅದಕ್ಕೇ ಎಂಜಿನ್ ಒಳಗಿನ ಅಳತೆಗೆಲ್ಲ ಎಂಜಿನ್ ನಂಬರನ್ನೇ ಹಿಡಿಯಿರಿ. ಬ್ರೇಕು, ಸಸ್ಪೆನ್ಶನ್, ವೈರಿಂಗ್‌ಗೆ ಚಾಸಿ ನಂಬರ್. ನೋಂದಣಿ ಪತ್ರದಲ್ಲಿರುವ ವರ್ಷ ಇದಕ್ಕೆ ಸಾಲದು. ಅಮೆರಿಕದ ಕಾರುಗಳಲ್ಲಂತೂ ಮಾಡೆಲ್ ವರ್ಷ ಹಿಂದಿನ ವರ್ಷದ ಶರತ್ಕಾಲದಲ್ಲೇ ಶುರುವಾಗುತ್ತದೆ.

ಕಾರ್ಖಾನೆಯ ಮ್ಯಾನ್ಯುಯಲ್ ಎಂದರೆ ಒಂದೇ ಪುಸ್ತಕವೂ ಅಲ್ಲ. ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಬಿಚ್ಚುವ, ಅಳೆಯುವ, ಜೋಡಿಸುವ ಕ್ರಮ. ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ಬಿಡಿಭಾಗಗಳನ್ನು ಹರಡಿ ಬರೆದ ಚಿತ್ರ ಮತ್ತು ಯಾವ ಚಾಸಿ ನಂಬರ್‌ನಿಂದ ಯಾವುದರವರೆಗೆ ಯಾವ ಭಾಗ ಎಂಬ ವಿವರ. ಸರ್ವಿಸ್ ಬುಲೆಟಿನ್‌ನಲ್ಲಿ ಆಮೇಲಿನ ತಿದ್ದುಪಡಿ. ರಿಸ್ಟೋರೇಶನ್‌ಗೆ ಈ ಮೂರರಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಪಾರ್ಟ್ಸ್ ಕ್ಯಾಟಲಾಗ್ ಎಂಬುದು ನಮ್ಮ ಅಭಿಪ್ರಾಯ. ಹಿಂದೆ ಯಾರೋ ಬಿಚ್ಚಿ ವಾಷರ್ ಕಳೆದಿದ್ದರೆ ಅದು ಅಲ್ಲಿ ಇತ್ತೆಂದು ಹೇಳುವುದು ಆ ಚಿತ್ರವೇ. ಬಿಚ್ಚುವಾಗ ಪ್ರತಿ ಚೀಲದ ಚೀಟಿಯಲ್ಲಿ ಭಾಗದ ಹೆಸರಿನ ಜೊತೆ ಕ್ಯಾಟಲಾಗಿನ ಪುಟ ಮತ್ತು ಚಿತ್ರದಲ್ಲಿನ ಕ್ರಮಸಂಖ್ಯೆ ಬರೆಯಿರಿ. ಎಂಟು ತಿಂಗಳ ನಂತರ ಚೀಲ ತೆರೆದಾಗ ‘ಮುಂದಿನ ಬ್ರ್ಯಾಕೆಟ್’ ಎಂಬ ಚೀಟಿಯಿಂದ ಏನೂ ತಿಳಿಯುವುದಿಲ್ಲ. ಎಡ ಬಲ ಎಂದಿದ್ದರೆ ಡ್ರೈವರ್ ಸೀಟಿನಲ್ಲಿ ಕುಳಿತು ಮುಂದೆ ನೋಡಿದಾಗಿನ ಎಡ ಬಲ. ಬಾನೆಟ್ ತೆರೆದು ಎದುರು ನಿಂತಾಗ ಅದು ಅದಲುಬದಲಾಗುತ್ತದೆ.

ಎರಕದ ಭಾಗದ ಮೇಲೆ ಉಬ್ಬಿರುವ ಅಂಕಿಯನ್ನು ಕ್ಯಾಟಲಾಗಿನಲ್ಲಿ ಹುಡುಕಿ ಸಿಗಲಿಲ್ಲವೆಂದು ಗಾಬರಿಯಾಗುವವರಿದ್ದಾರೆ. ಅದು ಎರಕದ ನಂಬರ್. ಅದೇ ಎರಕವನ್ನು ಬೇರೆ ಬೇರೆ ರೀತಿ ಕೊರೆದು ಬೇರೆ ಬೇರೆ ಪಾರ್ಟ್ ನಂಬರ್ ಕೊಟ್ಟಿರುತ್ತಾರೆ. ಜನರಲ್ ಮೋಟರ್ಸ್ ಎಂಜಿನ್ ಬ್ಲಾಕುಗಳ ಮೇಲೆ ‘ಸಿ 12 9’ ಎಂಬಂಥ ಗುರುತಿದ್ದರೆ ಅದು ಎರಕದ ದಿನಾಂಕ: ಮಾರ್ಚ್ 12, ವರ್ಷದ ಕೊನೆಯ ಅಂಕಿ 9. ಅದು 1959ಕ್ಕೂ ಸರಿ, 1969ಕ್ಕೂ ಸರಿ. ಎರಕದ ನಂಬರ್ ಜೊತೆಗಿಟ್ಟು ನೋಡಿದರೆ ಯಾವುದೆಂದು ಬಗೆಹರಿಯುತ್ತದೆ. ಕಾರು ತಯಾರಾದ ದಿನಕ್ಕಿಂತ ಈಚಿನ ದಿನಾಂಕವಿದ್ದರೆ ಆ ಬ್ಲಾಕ್ ಆ ಕಾರಿನ ಜೊತೆ ಹುಟ್ಟಿದ್ದಲ್ಲ.

ಇನ್ನು ಅಳತೆಗಳ ಮಾತು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಪುಸ್ತಕದ ಪ್ರತಿ ಅಂಕಿಗೂ ಒಂದು ಷರತ್ತು ಅಂಟಿಕೊಂಡಿರುತ್ತದೆ: ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಿದ್ದಾಗಲೋ, ಥ್ರೆಡ್ ಒಣಗಿದ್ದೋ ಎಣ್ಣೆ ಹಚ್ಚಿದ್ದೋ, ಹೊಸ ಭಾಗದ ಅಳತೆಯೋ ಸವೆತದ ಮಿತಿಯೋ. ಫೋಕ್ಸ್‌ವ್ಯಾಗನ್ ಬೀಟಲ್‌ನ ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಆಡುವ ಸಡಿಲ ಜೋಡಿಸುವಾಗ 0.07ರಿಂದ 0.13 ಮಿ.ಮೀ. ಇರಬೇಕು, ಸವೆತದ ಮಿತಿ 0.15. ಡಯಲ್ ಗೇಜ್ 0.14 ತೋರಿಸಿತು, ಮಿತಿಯೊಳಗಿದೆ ಎಂದು ಎಂಜಿನ್ ಮುಚ್ಚಿಬಿಡುವುದು ತಪ್ಪು. ಸವೆತದ ಮಿತಿ ಎನ್ನುವುದು ಓಡುತ್ತಿರುವ ಎಂಜಿನನ್ನು ಬಿಚ್ಚಬೇಕೇ ಬೇಡವೇ ಎಂದು ತೀರ್ಮಾನಿಸಲು ಇರುವ ಅಂಕಿ. ಎಂಜಿನ್ ಹೇಗೂ ಬಿಚ್ಚಿದೆ, ಆದ್ದರಿಂದ ಹೊಸದರ ಅಳತೆಗೇ ತರಬೇಕು. ಕ್ರಮ ಸರಳ. ಆಯಿಲ್ ಸೀಲ್ ಹಾಕದೆ ಎರಡು ಶಿಮ್ (ಸಡಿಲ ಹೊಂದಿಸುವ ತೆಳು ಲೋಹದ ಬಿಲ್ಲೆ) ಮಾತ್ರ ಇಟ್ಟು ಫ್ಲೈವೀಲ್ ಬಿಗಿ ಮಾಡಿ, ಸಡಿಲ ಅಳೆಯಿರಿ. ಬಂದದ್ದರಲ್ಲಿ 0.10 ಕಳೆದರೆ ಮೂರನೆಯ ಶಿಮ್‌ನ ದಪ್ಪ. 0.44 ಬಂದರೆ 0.34ರ ಶಿಮ್. ಶಿಮ್ ಯಾವಾಗಲೂ ಮೂರೇ ಇರಬೇಕು, ದಪ್ಪದ ಎರಡು ಹಾಕಿ ಲೆಕ್ಕ ಸರಿದೂಗಿಸಬಾರದು. ಪ್ರತಿ ಶಿಮ್ಮನ್ನೂ ಮೈಕ್ರೋಮೀಟರಿನಲ್ಲಿ ಅಳೆದು ನೋಡಿ, ಮೇಲೆ ಕೆತ್ತಿದ ಅಂಕಿಯನ್ನು ನಂಬಬೇಡಿ.

ಅದೇ ಕಾರಿನ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು) ಹಳೆಯ ಮುದ್ರಣಗಳಲ್ಲಿ 0.10 ಮಿ.ಮೀ., ನಂತರದವುಗಳಲ್ಲಿ 0.15. ಎರಡೂ ತಣ್ಣಗಿನ ಎಂಜಿನ್‌ಗೇ. ಮುದ್ರಣದ ವರ್ಷ ನೋಡದೆ ‘ಪುಸ್ತಕದಲ್ಲಿ ಹೀಗೇ ಇದೆ’ ಎಂದು ವಾದಿಸುವ ಇಬ್ಬರ ಕೈಯಲ್ಲೂ ಕಾರ್ಖಾನೆಯದೇ ಪುಸ್ತಕ ಇರಬಹುದು.

ಟಾರ್ಕ್, ಅಂದರೆ ಬೋಲ್ಟನ್ನು ತಿರುಗಿಸಿ ಬಿಗಿ ಮಾಡುವ ಬಲದ ವಿಷಯದಲ್ಲಿ ಮೊದಲು ಅಳತೆಯ ಮಾನ ನೋಡಿ. 1 ಪೌಂಡ್-ಅಡಿ ಎಂದರೆ 1.356 ನ್ಯೂಟನ್ ಮೀಟರ್, 1 ಕಿಲೋಗ್ರಾಂ-ಮೀಟರ್ ಎಂದರೆ 9.81. ಜರ್ಮನ್ ಪುಸ್ತಕಗಳಲ್ಲಿ ‘ಎಂಕೆಜಿ’ ಎಂದು ಕಂಡರೆ ಅದು ಈ ಕಿಲೋಗ್ರಾಂ-ಮೀಟರೇ. ಬೀಟಲ್‌ನ ಎಣ್ಣೆ ಜಾಲರಿಯ ಮುಚ್ಚಳದ 6 ಮಿ.ಮೀ. ನಟ್ಟುಗಳಿಗೆ ಬೇಕಾದ್ದು 0.7 ಎಂಕೆಜಿ, ಅಂದರೆ 7 ನ್ಯೂಟನ್ ಮೀಟರ್ ಮಾತ್ರ. ಕೈಯಂದಾಜಿನಲ್ಲಿ ಬಿಗಿ ಮಾಡಿದಾಗ ಸ್ಟಡ್ ಕಿತ್ತುಬರುವುದು ಇಲ್ಲೇ. ಪೌಂಡ್-ಇಂಚನ್ನು ಪೌಂಡ್-ಅಡಿ ಎಂದು ಓದಿದರೆ ಹನ್ನೆರಡು ಪಟ್ಟು ಹೆಚ್ಚಾಗುತ್ತದೆ. ಇನ್ನೊಂದು: ಬೋಲ್ಟನ್ನು ತಿರುಗಿಸುವ ಬಲದ ಬಹುಪಾಲು ಥ್ರೆಡ್ ಮತ್ತು ತಲೆಯ ಕೆಳಗಿನ ತಿಕ್ಕಾಟಕ್ಕೇ ಹೋಗುತ್ತದೆ, ಬೋಲ್ಟನ್ನು ಎಳೆಯುವುದಕ್ಕೆ ಉಳಿಯುವುದು ಸ್ವಲ್ಪ. ಒಣ ಥ್ರೆಡ್‌ಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಹಾಕಿದರೆ ತಿಕ್ಕಾಟ ಕಡಿಮೆಯಾಗಿ ಬೋಲ್ಟು ಮಿತಿಮೀರಿ ಎಳೆಯಲ್ಪಡುತ್ತದೆ. ತುಕ್ಕಿನ ಥ್ರೆಡ್‌ನಲ್ಲಿ ಇದರ ಉಲ್ಟಾ: ರೆಂಚ್ ಕ್ಲಿಕ್ ಎನ್ನುತ್ತದೆ, ಗ್ಯಾಸ್ಕೆಟ್ ಮೇಲೆ ಒತ್ತಡವೇ ಬಿದ್ದಿರುವುದಿಲ್ಲ. ಕಾರ್ಖಾನೆಯ ಅಂಕಿ ಸ್ವಚ್ಛವಾದ ಥ್ರೆಡ್‌ಗೆ ಕೊಟ್ಟದ್ದು, ಆದ್ದರಿಂದ ಟ್ಯಾಪ್ ಹಾಯಿಸಿ ತೂತಿನ ತಳದ ಕೊಳೆ ಮತ್ತು ಎಣ್ಣೆ ತೆಗೆದ ಮೇಲೆಯೇ ರೆಂಚ್ ಹಿಡಿಯಿರಿ.

ಬ್ರಿಟಿಷ್ ಕಾರುಗಳಲ್ಲಿ ಥ್ರೆಡ್ಡೇ ಒಂದು ಅಧ್ಯಾಯ. ಬಿಎಸ್‌ಎಫ್, ವಿಟ್‌ವರ್ತ್ ಹಳೆಯ ಬ್ರಿಟಿಷ್ ಥ್ರೆಡ್‌ಗಳು, ಯುಎನ್‌ಎಫ್, ಯುಎನ್‌ಸಿ ನಂತರ ಬಂದವು. 3/8 ಇಂಚಿನ ಯುಎನ್‌ಎಫ್‌ಗೆ ಇಂಚಿಗೆ 24 ಸುತ್ತು, ಬಿಎಸ್‌ಎಫ್‌ಗೆ 20. ಬೇಗ ಗೊತ್ತಾಗಿಬಿಡುತ್ತದೆ. ಮೋಸ ಮಾಡುವುದು 1/4 ಇಂಚಿನ ಯುಎನ್‌ಸಿ ಮತ್ತು ವಿಟ್‌ವರ್ತ್. ಎರಡಕ್ಕೂ 20 ಸುತ್ತು, ಆದರೆ ಒಂದರ ಕೋನ 60 ಡಿಗ್ರಿ, ಇನ್ನೊಂದರದು 55. ಕೈಯಲ್ಲಿ ಸಲೀಸಾಗಿ ಹೋಗುತ್ತದೆ, ಹಿಡಿತ ಮಾತ್ರ ಅರ್ಧಂಬರ್ಧ. ಎಮ್‌ಜಿ ಟಿ ಸರಣಿಯ ಎಕ್ಸ್‌ಪಿಎಜಿ ಎಂಜಿನ್‌ನಲ್ಲಿ ಬೋಲ್ಟಿನ ತಲೆ ವಿಟ್‌ವರ್ತ್ ಸ್ಪ್ಯಾನರ್‌ಗೆ ಕೂರುತ್ತದೆ, ಥ್ರೆಡ್ ಮೆಟ್ರಿಕ್! ಥ್ರೆಡ್ ಗೇಜ್ ಇಲ್ಲದೆ ಬದಲಿ ಬೋಲ್ಟು ಹಾಕಲೇಬೇಡಿ.

‘ಜೋಡಣೆ ಬಿಚ್ಚಿದ್ದರ ವಿಲೋಮ ಕ್ರಮದಲ್ಲಿ’ ಎಂಬ ಒಂದು ಸಾಲು ಎಲ್ಲ ಮ್ಯಾನ್ಯುಯಲ್‌ಗಳಲ್ಲೂ ಬರುತ್ತದೆ. ಪುಸ್ತಕ ಬರೆದದ್ದು ತರಬೇತಾದ ಮೆಕ್ಯಾನಿಕ್‌ಗೆ, ಎರಡು ಮೂರು ವರ್ಷದ ಕಾರಿಗೆ. ಅವನಿಗೆ ಗೊತ್ತಿದ್ದದ್ದನ್ನು ಮತ್ತೆ ಬರೆಯಲಿಲ್ಲ. ಸಸ್ಪೆನ್ಶನ್‌ನ ರಬ್ಬರ್ ಬುಷ್‌ಗಳನ್ನು ತೆಗೆದುಕೊಳ್ಳಿ. ಕಾರು ಜ್ಯಾಕ್ ಮೇಲಿದ್ದು ಚಕ್ರ ಇಳಿಬಿದ್ದಾಗ ಬೋಲ್ಟು ಬಿಗಿ ಮಾಡಿದರೆ ರಬ್ಬರ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಕಾರನ್ನು ಇಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಕಾರಿನ ಎತ್ತರವೂ ಸರಿಯಿರುವುದಿಲ್ಲ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಚಕ್ರದ ಮೇಲೆ ಭಾರ ಬಿಟ್ಟು, ಒಂದೆರಡು ಸಲ ಅದುಮಿ, ಆಮೇಲೆ ಟಾರ್ಕ್ ಹಾಕಿ. ಈ ಮಾತು ಪುಸ್ತಕದಲ್ಲಿದ್ದರೂ ಬೇರೆ ಅಧ್ಯಾಯದ ಮೂಲೆಯಲ್ಲಿರಬಹುದು. ಹಾಗಾಗಿ ಕೆಲಸಕ್ಕೆ ಮೊದಲು ಇಡೀ ಅಧ್ಯಾಯ ಓದಬೇಕು, ಬೇಕಾದ ಪುಟವನ್ನಷ್ಟೇ ಅಲ್ಲ.

ತುಕ್ಕು ಹಿಡಿದ ಬಾಡಿಯ ಬಗ್ಗೆ ಪುಸ್ತಕ ಹೆಚ್ಚೇನೂ ಹೇಳುವುದಿಲ್ಲ. ಆದರೆ ಅಪಘಾತದ ರಿಪೇರಿಗೆಂದು ಕೊಟ್ಟ ಅಳತೆಯ ನಕ್ಷೆ ಚಿನ್ನದಂಥದ್ದು. ಬಾಗಿಲ ಕೆಳಗಿನ ಸಿಲ್ ಕತ್ತರಿಸುವ ಮೊದಲು ನಕ್ಷೆಯ ಬಿಂದುಗಳ ನಡುವೆ ಮೂಲೆಯಿಂದ ಮೂಲೆಗೆ ಅಳೆದು ಬರೆದಿಡಿ, ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಬೆಸೆಯಿರಿ. ಮೇಲ್ಛಾವಣಿ ಇಲ್ಲದ ಕಾರಿನಲ್ಲಿ ಇದನ್ನು ಬಿಟ್ಟರೆ ನಡು ಕುಸಿದು ಬಾಗಿಲು ಮತ್ತೆ ಮುಚ್ಚುವುದಿಲ್ಲ.

ಪುಸ್ತಕ ಬರೆದ ಕಾಲದ ಕೆಲವು ಸಲಹೆಗಳನ್ನು ಇಂದು ಪಾಲಿಸಬಾರದು. ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ ಎಂದಿದ್ದರೆ ಬೇಡ: ಹಳೆಯ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ ಮುಚ್ಚಿದ ಚೀಲಕ್ಕೆ ಹಾಕಿ, ಮಾಸ್ಕ್ ಧರಿಸಿ. ಗೇರ್‌ಬಾಕ್ಸ್‌ಗೆ ಹೇಳಿದ ಎಣ್ಣೆಯ ಬದಲು ಇಂದಿನ ಜಿಎಲ್-5 ದರ್ಜೆಯ ಗೇರ್ ಎಣ್ಣೆ ಸುರಿದರೆ ಅದರ ಗಂಧಕದ ಸಂಯುಕ್ತಗಳು ಹಿತ್ತಾಳೆಯ ಸಿಂಕ್ರೋ ರಿಂಗನ್ನು (ಗೇರ್ ಬದಲಿಸುವಾಗ ವೇಗ ಹೊಂದಿಸುವ ಬಳೆ) ತಿನ್ನಬಹುದು. ಆದರೆ ದ್ರವದ ವಿಷಯದಲ್ಲಿ ಕೆಲವೆಡೆ ಪುಸ್ತಕವೇ ಕೊನೆಯ ಮಾತು. ಸಿಟ್ರೊಯೆನ್ ಡಿಎಸ್ ಕಾರಿನ ಹೈಡ್ರಾಲಿಕ್ ವ್ಯವಸ್ಥೆಗೆ ಹಿಂದೆ ಕೆಂಪು ಎಲ್‌ಎಚ್‌ಎಸ್ ದ್ರವ, 1966ರ ಶರತ್ಕಾಲದಿಂದ ಯುರೋಪಿನ ಕಾರುಗಳಿಗೆ ಹಸಿರು ಎಲ್‌ಎಚ್‌ಎಮ್. ಎರಡರ ರಬ್ಬರ್ ಸೀಲುಗಳೇ ಬೇರೆ. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಸಸ್ಪೆನ್ಶನ್, ಬ್ರೇಕು, ಸ್ಟಿಯರಿಂಗ್‌ಗಳ ಸೀಲೆಲ್ಲ ಹಾಳು. ಹಸಿರು ಬಣ್ಣ ಬಳಿದ ಭಾಗಗಳು ಎಲ್‌ಎಚ್‌ಎಮ್‌ನವು.

ವೈರಿಂಗ್ ನಕ್ಷೆ ಓದಲು ಅಕ್ಷರ ಕಲಿಯಿರಿ. ಬ್ರಿಟಿಷ್ ಕಾರುಗಳ ವಿದ್ಯುತ್ ಭಾಗ ತಯಾರಿಸಿದ ಲ್ಯೂಕಾಸ್ ಕಂಪನಿಯ ನಕ್ಷೆಗಳಲ್ಲಿ ‘ಬಿ’ ಕಪ್ಪು, ‘ಎನ್’ ಕಂದು, ‘ಯು’ ನೀಲಿ. ಎರಡು ಅಕ್ಷರವಿದ್ದರೆ ಮೊದಲನೆಯದು ತಂತಿಯ ಬಣ್ಣ, ಎರಡನೆಯದು ಅದರ ಮೇಲಿನ ಗೆರೆ. ಜರ್ಮನ್ ಕಾರುಗಳಲ್ಲಿ ಅಂಕಿಗಳು: 30 ಬ್ಯಾಟರಿಯಿಂದ ನೇರ, 15 ಇಗ್ನಿಷನ್ ಕೀ ದಾಟಿದ ಮೇಲೆ, 31 ಅರ್ಥ್, 50 ಸ್ಟಾರ್ಟರ್. ತಂತಿಯ ಬಣ್ಣ ಮಾಸಿದ್ದರೆ ಕನೆಕ್ಟರ್ ಒಳಗಿನ ತುದಿ ಅಥವಾ ಟೇಪ್ ಸುತ್ತಿದ ಜಾಗ ನೋಡಿ, ಅಲ್ಲಿ ಬಣ್ಣ ಉಳಿದಿರುತ್ತದೆ.

ಮರುಮುದ್ರಣ, ಫೋಟೋಕಾಪಿಗಳಲ್ಲಿ ಮಡಚಿದ ನಕ್ಷೆಯ ಅಂಚು ಕತ್ತರಿಸಿಹೋಗಿರುತ್ತದೆ, ದಶಮಾಂಶ ಬಿಂದು ಅಳಿಸಿರುತ್ತದೆ. ಅಂಕಿ ಇಂಚು ಮತ್ತು ಮಿಲಿಮೀಟರ್ ಎರಡರಲ್ಲೂ ಇದ್ದರೆ 25.4ರಿಂದ ಗುಣಿಸಿ ತಾಳೆ ನೋಡಿ: 0.015 ಇಂಚಿನ ಪಕ್ಕದಲ್ಲಿ 0.38 ಇರಬೇಕು. ಮೂಲ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೇಕಾದ ಪುಟಗಳ ಪ್ರತಿಯನ್ನು ಮಾತ್ರ ಕೆಲಸದ ಮೇಜಿಗೆ ತನ್ನಿ. ಪುಸ್ತಕಕ್ಕೂ ಕಾರಿಗೂ ತಾಳೆಯಾಗದ ಕಡೆ ಯಾವುದನ್ನೂ ಕೂಡಲೇ ತಪ್ಪೆನ್ನಬೇಡಿ. ಬುಲೆಟಿನ್ ನೋಡಿ, ಭಾಗವನ್ನು ಅಳೆಯಿರಿ. ಕೊನೆಗೆ ಹಾಕಿದ ಅಳತೆ, ಅದು ಬಂದ ಪುಸ್ತಕ, ಮುದ್ರಣ, ಪುಟ ಎಲ್ಲವನ್ನೂ ಮೊದಲ ದಿನದ ಆ ಐದು ನಂಬರಿನ ಹಾಳೆಯಲ್ಲೇ ಬರೆದು, ಕೆಲಸ ಮುಗಿದಾಗ ಅದರ ಒಂದು ಪ್ರತಿಯನ್ನು ಕಾರಿನ ಜೊತೆಗೇ ಕೊಟ್ಟುಕಳಿಸಿ.