ಕ್ಲೇಮ್ ಸೆಕ್ಷನ್ನಿನವನ ಹಾಲಿವುಡ್

ಹಳೆಯ ಕಪ್ಪು ಬಿಳುಪು ಹಾಲಿವುಡ್ ಸಿನಿಮಾಗಳಲ್ಲಿ ಯಾವುದು ಇಷ್ಟ ಅಂತ ಯಾರಾದರೂ ಕೇಳಿದರೆ ‘ಕಾಸಾಬ್ಲಾಂಕಾ’ ಅಂದುಬಿಡುವುದು ಸುಲಭ. ಒಳ್ಳೆಯ ಸಿನಿಮಾನೇ, ಇಲ್ಲ ಅನ್ನಲ್ಲ. ಆದರೆ ಯುದ್ಧದ ನಡುವೆ ಪ್ರೀತಿಯನ್ನೇ ಬಿಟ್ಟುಕೊಡುವ ಆ ಜನ ನನಗೆ ಸ್ವಲ್ಪ ಜಾಸ್ತಿಯೇ ದೊಡ್ಡವರು. ನಾನು ವಿಮೆ ಕಂಪನಿಯ ಕ್ಲೇಮ್ ಸೆಕ್ಷನ್ನಿನಲ್ಲಿ ಫೈಲು ನೋಡುವವನು. ನನ್ನ ಮೆಚ್ಚಿನ ಎರಡೂ ಚಿತ್ರಗಳಲ್ಲಿ ವಿಮೆ ಕಚೇರಿ ಇದೆ. ಎರಡನ್ನೂ ನಿರ್ದೇಶಿಸಿದವನು ಬಿಲ್ಲಿ ವೈಲ್ಡರ್.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ, ಪಿಜಿಯಲ್ಲಿ ನೀರಿಲ್ಲ ಅಂತ ಅಕ್ಕನ ಮಗಳು ಬಟ್ಟೆ ಗಂಟು ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ಊಟ ಆಗುವ ತನಕ ಬರೀ ಮ್ಯಾನೇಜರ್ ಪುರಾಣ. ನಾನು ಸುಮ್ನೆ ‘ದಿ ಅಪಾರ್ಟ್‌ಮೆಂಟ್’ ಹಾಕಿದೆ. “ಏನ್ ಮಾಮ, ಬಣ್ಣಾನೇ ಇಲ್ಲ” ಅಂದಳು. ಹತ್ತು ನಿಮಿಷ ನೋಡು, ಆಮೇಲೆ ಬೇಕಾದರೆ ಎದ್ದು ಹೋಗು ಅಂದೆ.

1960ರ ಚಿತ್ರ. ನ್ಯೂಯಾರ್ಕಿನ ದೊಡ್ಡ ವಿಮೆ ಕಂಪನಿ, 31,259 ನೌಕರರು. ಅವರಲ್ಲೊಬ್ಬ ಬ್ಯಾಕ್ಸ್‌ಟರ್, ಅಂದರೆ ಜ್ಯಾಕ್ ಲೆಮನ್. ತನ್ನ ಬಾಡಿಗೆ ಮನೆಯ ಬೀಗದ ಕೈಯನ್ನು ಮೇಲಿನವರಿಗೆ ಕೊಡುತ್ತಾನೆ. ಅವರು ಹೆಂಡತಿಯರ ಕಣ್ಣು ತಪ್ಪಿಸಿ ಅಲ್ಲಿಗೆ ಹೆಣ್ಣುಗಳನ್ನು ಕರೆತರುತ್ತಾರೆ, ಇವನಿಗೆ ಪ್ರಮೋಷನ್ ಆಸೆ. ಒಂದು ರಾತ್ರಿ ಇವನು ಪಾರ್ಕಿನ ಬೆಂಚಿನ ಮೇಲೆ ಕಾದು ನೆಗಡಿ ಹಿಡಿಸಿಕೊಂಡು, ಮರುದಿನ ಮೂಗು ಒರೆಸಿಕೊಳ್ಳುತ್ತಾ ಎಲ್ಲರಿಗೂ ಫೋನ್ ಮಾಡಿ ಯಾರಿಗೆ ಯಾವ ದಿನ ಅಂತ ಹೊಂದಿಸುತ್ತಾನಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಹುಡುಗಿ ಮೊಬೈಲ್ ಪಕ್ಕಕ್ಕಿಟ್ಟಿದ್ದಳು. “ಇವನು ನಮ್ಮ ಟೀಮಲ್ಲೇ ಇದ್ದಾನೆ” ಅಂದಳು.

ಆ ಆಫೀಸು ನೋಡಬೇಕು. ಕಣ್ಣು ಹೋದಷ್ಟು ದೂರ ಮೇಜುಗಳು, ಮೇಲೆ ಸಾಲು ಸಾಲು ಟ್ಯೂಬ್‌ಲೈಟು. ಸೆಟ್ಟು ನಿಜಕ್ಕೂ ಅಷ್ಟು ಉದ್ದ ಇರಲಿಲ್ಲ. ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್ ಹಿಂದೆ ಹೋದಂತೆಲ್ಲ ಚಿಕ್ಕ ಚಿಕ್ಕ ಮೇಜು ಹಾಕಿಸಿ ಕಣ್ಣಿಗೆ ಮೋಸ ಮಾಡಿದ. ಐದು ಆಸ್ಕರ್ ಬಂತು, ಅದರಲ್ಲಿ ಒಂದು ಈ ಕೈಚಳಕಕ್ಕೆ. ಬಣ್ಣ ಇದ್ದಿದ್ದರೆ ಯಾರದೋ ಕೆಂಪು ಟೈ, ಯಾರದೋ ಹಳದಿ ಸ್ವೆಟರ್ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಎಲ್ಲರೂ ಒಂದೇ ಬೂದು, ಅದೇ ಅಲ್ವಾ ಬೇಕಾಗಿದ್ದು?

ಲಿಫ್ಟ್ ನಡೆಸುವ ಹುಡುಗಿ ಶರ್ಲಿ ಮೆಕ್‌ಲೇನ್‌ಳ ಒಡೆದ ಕನ್ನಡಿ ಬ್ಯಾಕ್ಸ್‌ಟರ್ ಕೈಗೆ ಬರುವ ದೃಶ್ಯದ ಬಗ್ಗೆ ಹೇಳಲ್ಲ. ನೋಡದವರು ನೋಡಿ. ಒಂದು ಮಾತೂ ಆಡದೆ ಅವನಿಗೆ ಎಲ್ಲ ಗೊತ್ತಾಗಿಬಿಡುತ್ತದೆ.

ಮುಗಿದ ಮೇಲೆ ಇನ್ನೊಂದು ಹಾಕು ಅಂದಳು. ಚಹಾ ಮಾಡಿಕೊಂಡು ಬಂದು ‘ಡಬಲ್ ಇಂಡೆಮ್ನಿಟಿ’ ಶುರು ಮಾಡಿದೆವು, 1944ರದು. ಮೊದಲ ಚಿತ್ರದ ದುಷ್ಟ ಸಾಹೇಬ ಫ್ರೆಡ್ ಮೆಕ್‌ಮರೇನೇ ಇಲ್ಲಿ ಪಾಲಿಸಿ ಮಾರುವವನು. ಪಾಲಿಸಿ ರಿನ್ಯೂವಲ್‌ಗೆ ಅಂತ ಹೋದ ಮನೆಯ ಯಜಮಾನಿ ಬಾರ್ಬರಾ ಸ್ಟಾನ್‌ವಿಕ್ ಜೊತೆ ಸೇರಿ ಅವಳ ಗಂಡನನ್ನು ಮುಗಿಸುವ ಪ್ಲಾನು ಹಾಕುತ್ತಾನೆ. ರೈಲಿನಲ್ಲಿ ಸತ್ತ ಅಂತ ತೋರಿಸಿದರೆ ಅಪಘಾತ ವಿಮೆಯ ಹಣ ದುಪ್ಪಟ್ಟು, 50,000 ಡಾಲರ್ ಬದಲು 1,00,000. ನಮ್ಮಲ್ಲೂ ಆಕ್ಸಿಡೆಂಟ್ ಬೆನಿಫಿಟ್ ಅಂತ ಇದೆಯಲ್ಲ, ಎಫ್‌ಐಆರ್, ಪೋಸ್ಟ್‌ಮಾರ್ಟಂ ರಿಪೋರ್ಟ್ ಎಲ್ಲ ತರಿಸಿಕೊಂಡು ನೋಡುತ್ತೇವಲ್ಲ, ಅದೇ ವ್ಯವಹಾರ.

ಎಲ್ಲರೂ ಈ ಚಿತ್ರದಲ್ಲಿ ಸ್ಟಾನ್‌ವಿಕ್‌ಳನ್ನು ನೋಡುತ್ತಾರೆ. ನಾನು ನೋಡುವುದು ಕ್ಲೇಮ್ಸ್ ಮ್ಯಾನೇಜರ್ ಕೀಸ್‌ನನ್ನು. ಎಡ್ವರ್ಡ್ ಜಿ. ರಾಬಿನ್ಸನ್ ಮಾಡಿದ್ದಾನೆ. ಸುಳ್ಳು ಕ್ಲೇಮ್ ಬಂದರೆ ಅವನ ಎದೆಯೊಳಗಿರುವ ಪುಟ್ಟ ಮನುಷ್ಯ ಊಟ ಅರಗಲು ಬಿಡುವುದಿಲ್ಲವಂತೆ. ರೈಲು ಹೋಗುತ್ತಿದ್ದದ್ದು ಗಂಟೆಗೆ 15 ಮೈಲಿ, ಸಾಯಬೇಕು ಅಂತ ಇದ್ದವನು ಅದರಿಂದ ಹಾರುತ್ತಾನಾ ಅಂತ ತನ್ನ ಸಾಹೇಬನ ಆತ್ಮಹತ್ಯೆ ವಾದವನ್ನು ಉರುಳಿಸುತ್ತಾನೆ. ಆಮೇಲೆ ಇನ್ನೊಂದು ಹೊಳೆಯುತ್ತದೆ. ಸತ್ತವನು ಸ್ವಲ್ಪ ದಿನದ ಹಿಂದೆ ಕಾಲು ಮುರಿದುಕೊಂಡಿದ್ದ, ಅಪಘಾತದ ಪಾಲಿಸಿ ಇತ್ತು, ಆದರೂ ಕ್ಲೇಮ್ ಹಾಕಲಿಲ್ಲ. ಯಾಕೆ? ಬಹುಶಃ ಪಾಲಿಸಿ ಇರುವುದೇ ಅವನಿಗೆ ಗೊತ್ತಿರಲಿಲ್ಲ! ನಾನಂತೂ ಅಲ್ಲಿ ಸಿನಿಮಾ ನಿಲ್ಲಿಸಿ ಅವಳಿಗೆ ಮತ್ತೊಮ್ಮೆ ವಿವರಿಸಿದೆ. ಬಂದ ಕ್ಲೇಮನ್ನು ಪರೀಕ್ಷೆ ಮಾಡುವುದು ನಮ್ಮ ದಿನನಿತ್ಯದ ಕೆಲಸ, ಬಾರದ ಕ್ಲೇಮನ್ನು ನೋಡುವುದಕ್ಕೆ ಕೀಸ್ ತಲೆ ಬೇಕು. “ಸರಿ ಮಾಮ, ಪ್ಲೇ ಮಾಡು” ಅಂದಳು.

ಏಳು ವಿಭಾಗಗಳಲ್ಲಿ ಆಸ್ಕರ್‌ಗೆ ಹೆಸರು ಹೋಗಿತ್ತು, ಒಂದೂ ಬರಲಿಲ್ಲ. ಜಾನ್ ಸೈಟ್ಸ್‌ನ ಕ್ಯಾಮೆರಾಕ್ಕಾದರೂ ಕೊಡಬೇಕಿತ್ತು. ಹಗಲು ಹೊತ್ತಿನ ಮನೆ, ಕಿಟಕಿ ಪಟ್ಟಿಗಳ ನೆರಳು ಗೋಡೆ ಮೇಲೆ, ಮೈ ಮೇಲೆ ಬೀಳುತ್ತದೆ. ಗಾಳಿಯಲ್ಲಿ ಧೂಳು ಕಾಣಲಿ ಅಂತ ಅಲ್ಯೂಮಿನಿಯಂ ಪುಡಿ ಊದಿಸಿದ್ದರಂತೆ.

ರಾತ್ರಿ ಚಪಾತಿ ತಿನ್ನುತ್ತಾ ಯಾವುದು ಮೊದಲು ಅಂತ ಜಗಳ. ಅವಳದು ‘ದಿ ಅಪಾರ್ಟ್‌ಮೆಂಟ್’. ನನ್ನದು ಕೀಸ್ ಇರುವುದು. ಮೂರನೆಯ ಜಾಗ ‘12 ಆಂಗ್ರಿ ಮೆನ್’ಗೆ ಅಂದೆ. 1957ರಲ್ಲಿ ಸಿಡ್ನಿ ಲ್ಯೂಮೆಟ್ ಮಾಡಿದ ಮೊದಲ ಸಿನಿಮಾ, ಹೆಚ್ಚುಕಮ್ಮಿ ಪೂರ್ತಿ ಒಂದೇ ಕೋಣೆಯಲ್ಲಿ. ಕಥೆ ಸಾಗಿದಂತೆ ಲೆನ್ಸ್ ಬದಲಿಸಿ, ಕ್ಯಾಮೆರಾ ಕೆಳಗಿಳಿಸಿ ಆ ಕೋಣೆ ಇಕ್ಕಟ್ಟಾಗುತ್ತಾ ಹೋಗುವ ಹಾಗೆ ಮಾಡಿದ್ದಾನೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ತಲೆಯಲ್ಲಿ ಬೇರೇನೋ ಓಡುತ್ತಿತ್ತು. ಮೆಕ್‌ಮರೇ ಫ್ಲ್ಯಾಟಿಗೆ ಕೀಸ್ ಬಂದಾಗ ಸ್ಟಾನ್‌ವಿಕ್ ಬಾಗಿಲ ಹಿಂದೆ ಅಡಗುತ್ತಾಳಲ್ಲ, ಆ ಬಾಗಿಲು ಕಾರಿಡಾರಿನ ಕಡೆ ತೆರೆಯುತ್ತದೆ.

“ಯಾವ ಮನೆ ಬಾಗಿಲು ಮಾಮ ಹೊರಗೆ ತೆರೆಯೋದು?”

ಒಳಕ್ಕೆ ತೆರೆದಿದ್ದರೆ ಅವಳು ಎಲ್ಲಿ ಅಡಗಬೇಕಿತ್ತು ಅಂದೆ. ಅದು ಉತ್ತರ ಅಲ್ಲ ಅಂದಳು. ನನ್ನ ಹತ್ತಿರ ಬೇರೆ ಉತ್ತರ ಇಲ್ಲ.