ಹಂಚು ಅಳೆಯೋ ಮೊದಲು ಡ್ರಾಯಿಂಗ್ ಮಾಡಿದ್ದು

ತೀರ್ಥಹಳ್ಳಿ ಕಡೆ ಒಂದು ಹಳೇ ಮನೆ ಬಿಚ್ತಿದಾರೆ, ಹಂಚು ಬೇಕಿದ್ರೆ ಬನ್ನಿ ಅಂತ ಫೋನ್ ಬಂದಾಗ ನಮಗೆ ಖುಷಿಯೋ ಖುಷಿ. ಮಲೆನಾಡಲ್ಲಿ ಈಗ ಇದು ಮಾಮೂಲಿ ಆಗಿದೆ, ಮಂಗಗಳ ಕಾಟ ತಡೆಯಕ್ಕಾಗದೆ ಜನ ಹಂಚು ಇಳಿಸಿ ಶೀಟ್ ಹಾಕಿಸ್ತಿದಾರೆ, ಒಳ್ಳೊಳ್ಳೆ ಮಂಗಳೂರು ಹಂಚು ಹಿತ್ತಲಲ್ಲಿ ರಾಶಿ ಬಿದ್ದಿರುತ್ತೆ. ಆಗ ನಾವು ಶಿವಮೊಗ್ಗದಲ್ಲಿ ಒಂದು ಮನೆ ಡಿಸೈನ್ ಮಾಡ್ತಿದ್ವಿ, ಅದಕ್ಕೆ ಫಿಲ್ಲರ್ ಸ್ಲ್ಯಾಬ್ ಮಾಡೋದು ಅಂತ ತೀರ್ಮಾನ ಆಗಿತ್ತು.

ಫಿಲ್ಲರ್ ಸ್ಲ್ಯಾಬ್ ಗೊತ್ತಿಲ್ಲದವರಿಗೆ ಹೇಳ್ತೀನಿ. ಸ್ಲ್ಯಾಬ್ ಮೇಲೆ ಭಾರ ಬಿದ್ದಾಗ ಮೇಲಿನ ಅರ್ಧ ಒತ್ತಡಕ್ಕೆ ಸಿಗುತ್ತೆ, ಕೆಳಗಿನ ಅರ್ಧ ಎಳೆತಕ್ಕೆ ಸಿಗುತ್ತೆ, ಎಳೆತ ತಡ್ಕೊಳ್ಳೋದು ಕಂಬಿ, ಅಲ್ಲಿರೋ ಕಾಂಕ್ರೀಟ್‌ಗೆ ದೊಡ್ಡ ಕೆಲಸ ಏನಿಲ್ಲ. ಹಾಗಾಗಿ ಕಂಬಿ ಕಂಬಿ ಮಧ್ಯದ ಜಾಗದಲ್ಲಿ ಕಾಂಕ್ರೀಟ್ ಬದಲು ಎರಡು ಹಂಚು ಒಂದರ ಮೇಲೊಂದು ಇಡ್ತೀವಿ, ಮಧ್ಯ ಗಾಳಿ ಉಳಿಯೋದ್ರಿಂದ ಬಿಸಿಲೂ ಸ್ವಲ್ಪ ಕಮ್ಮಿ ಇಳಿಯುತ್ತೆ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಇದನ್ನ ಮನೆಮಾತು ಮಾಡಿದ್ರು. ಸಿಮೆಂಟ್ ತಯಾರಿಯೊಂದರಿಂದಲೇ ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು 7-8 ಪರ್ಸೆಂಟ್ ಬರ್ತಿರೋವಾಗ ಒಂದು ಸ್ಲ್ಯಾಬ್‌ನಲ್ಲಿ ಐದನೇ ಒಂದು ಭಾಗ ಕಾಂಕ್ರೀಟ್ ಉಳಿದ್ರೂ ನನಗೆ ಅದು ದೊಡ್ಡದೇ.

ಹಂಚಿನ ರಾಶಿ ಹತ್ರ ಹೋದೆ. ಒಂದರ ಮೇಲೆ ಬಾಸೆಲ್ ಮಿಷನ್ ಮುದ್ರೆ, 1865 ಅಂತ ಇಸವಿ. ಅದು ಆ ಹಂಚು ಸುಟ್ಟ ವರ್ಷ ಅಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಆದ್ರೂ ಕೈಯಲ್ಲಿ ಹಿಡ್ಕೊಂಡಾಗ ಮೈ ಜುಮ್ ಅಂತು. ಎದುರಿಗೆ ಸಿಕ್ಕ ಹತ್ತು ಹಂಚು ಅಳೆದೆ, ಎಲ್ಲ 410 ಮಿಲಿಮೀಟರ್ ಉದ್ದ, 235 ಅಗಲ. ಬರ್ಕೊಂಡೆ, ಆಫೀಸಿಗೆ ಬಂದು ಅದೇ ಲೆಕ್ಕದಲ್ಲಿ ಕಂಬಿ ಅಂತರ ಹಾಕಿ ಡ್ರಾಯಿಂಗ್ ಕಳಿಸ್ದೆ.

ಕಾಂಕ್ರೀಟ್ ಹಾಕೋ ಹಿಂದಿನ ದಿನ ಮೇಸ್ತ್ರಿ ಫೋನ್ ಮಾಡಿ, ಮೇಡಂ, ಹಂಚು ಕೂರ್ತಿಲ್ಲ, ಬಂದು ನೋಡಿ ಅಂದ್ರು. ಸೆಂಟ್ರಿಂಗ್ ಮೇಲೆ ಹತ್ತಿ ನೋಡ್ತೀನಿ, ಮೊದಲ ನಾಲ್ಕು ಸಾಲು ಸರಿಯಾಗಿದೆ, ಐದನೇ ಸಾಲಿಂದ ಹಂಚಿನ ಅಂಚು ಕಂಬಿಗೆ ತಾಗ್ತಿದೆ. ಕಂಬಿ ಸುತ್ತ ಕಾಂಕ್ರೀಟ್ ತುಂಬ್ಕೊಳ್ಳೋಕೆ ಜಾಗವೇ ಇಲ್ಲ, ಹಾಗೇ ಹಾಕಿದ್ರೆ ಕಂಬಿಗೆ ಹಿಡಿತ ಸಿಗ್ತಿರಲಿಲ್ಲ, ಮುಂದೆ ತುಕ್ಕು ಬೇರೆ. ಅಳೆದ್ರೆ ಅಗಲ 260! ಹಂಚಿನ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 654ರಲ್ಲೇ ಮಂಗಳೂರು ಹಂಚಿಗೆ ಮೂರು ಅಳತೆ ಇದೆ, 410-235, 420-250, 425-260, ಇದನ್ನ ಓದಿದ್ದೆ ಕೂಡ. ಆದ್ರೆ ಒಂದೇ ಮನೆಯ ಮಾಡಿನಲ್ಲಿ, ಅಂದ್ರೆ ಚಾವಣಿಯಲ್ಲಿ, ಎರಡು ಅಳತೆ ಇರುತ್ತೆ ಅಂತ ತಲೆಗೇ ಹೋಗಿರಲಿಲ್ಲ. ಮೇಸ್ತ್ರಿ ಹೇಳಿದ್ಮೇಲೆ ಗೊತ್ತಾಯ್ತು, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸ್ತಾರೆ, ಒಡೆದಿದ್ದು ತೆಗೆದು ಆವಾಗ ಯಾವುದು ಸಿಗುತ್ತೋ ಅದನ್ನ ಹಾಕ್ತಾರೆ, ಹೀಗೆ ಐವತ್ತು ಅರವತ್ತು ವರ್ಷ ಆದ್ರೆ ಒಂದು ಮಾಡಿನಲ್ಲಿ ಮೂರ್ನಾಲ್ಕು ಕಾರ್ಖಾನೆ ಹಂಚು ಸೇರ್ಕೊಂಡಿರುತ್ತೆ.

ಕಾಂಕ್ರೀಟ್ ನಿಲ್ಲಿಸಿದ್ವಿ. ಮಿಕ್ಸರ್ ಬಾಡಿಗೆ, ಬರೋಕೆ ಹೇಳಿದ್ದ ಇಪ್ಪತ್ತು ಜನರ ಆ ದಿನದ ಕೂಲಿ ಎಲ್ಲ ನಮ್ಮ ಆಫೀಸೇ ಕೊಡ್ತು, ಓನರ್ ಹತ್ರ ಕೇಳೋ ಮುಖ ನಂಗಿರಲಿಲ್ಲ, ತಪ್ಪು ನಂದೇ. ಮೇಸ್ತ್ರಿ ಎರಡು ರೀಪರ್ ತುಂಡು ಹಲಗೆಗೆ ಹೊಡೆದು ಒಂದು ಅಚ್ಚು ಮಾಡ್ಕೊಟ್ರು, ಹಂಚು ಅದರೊಳಗೆ ಇಳಿದ್ರೆ ಚಿಕ್ಕದು, ಇಳಿಯದಿದ್ರೆ ದೊಡ್ಡದು. ಬೆಳಿಗ್ಗೆಯಿಂದ ಸಂಜೆವರೆಗೂ ನಾನೂ ಕೂತು ಬೇರೆ ಮಾಡಿದೆ. ಅವರು ಪ್ರತಿ ಹಂಚನ್ನೂ ಬೆರಳ ಗಂಟಿಂದ ತಟ್ಟಿ ಕೇಳ್ತಿದ್ರು, ಟಣ್ ಅಂದ್ರೆ ಒಳಗಡೆ, ಬೊದ್ದು ಸದ್ದು ಬಂದ್ರೆ ಕಣ್ಣಿಗೆ ಕಾಣದ ಬಿರುಕಿದೆ ಅಂತ ಹೊರಗಡೆ. ಸಂಜೆ ಹೊತ್ತಿಗೆ ನನಗೂ ಆ ಸದ್ದಿನ ವ್ಯತ್ಯಾಸ ಗೊತ್ತಾಗ್ತಿತ್ತು. ಆಮೇಲೆ ಹಾಲ್‌ಗೆ ದೊಡ್ಡ ಹಂಚು, ರೂಮಿಗೆ ಚಿಕ್ಕ ಹಂಚು ಅಂತ ಮಾಡಿ, ಇಂಜಿನಿಯರ್ ಹತ್ರ ಮತ್ತೆ ಲೆಕ್ಕ ಹಾಕಿಸಿ ಹಾಲ್ ಕಂಬಿ ಬಿಚ್ಚಿ ಹೊಸದಾಗಿ ಕಟ್ಟಿಸಿದ್ವಿ. ಹಾಂ, ಹಂಚನ್ನ ರಾತ್ರಿಯಿಡೀ ನೀರಲ್ಲಿ ನೆನೆಸಿಡಬೇಕು, ಒಣ ಹಂಚು ಕಾಂಕ್ರೀಟ್‌ನ ನೀರು ಹೀರ್ಕೊಂಡು ಬಿಡುತ್ತೆ.

ಕಾಲೇಜಲ್ಲಿ ನಮಗೆ ಕಲಿಸಿದ್ದು ಮೊದಲು ಡ್ರಾಯಿಂಗ್, ಆಮೇಲೆ ಸಾಮಾನು. ಅಂಗಡಿಯಿಂದ ಹೊಸದು ತರೋದಾದ್ರೆ ಅದು ಸರಿ, ಹಳೇ ಸಾಮಾನಿಗೆ ಪೂರ್ತಿ ಉಲ್ಟಾ. ಹಳೇ ಬಾಗಿಲು ನಮ್ಮ ಪ್ಲಾನ್ ಪ್ರಕಾರ ಉದ್ದ ಆಗಲ್ಲ, ಗೋಡೇನೇ ಬಾಗಿಲಿಗೆ ತಕ್ಕ ಹಾಗೆ ಬಿಡಬೇಕು. ಹಂಚಿನ ಕೆಳಗಿನ ಪಕಾಸಿ ಮರ ಕುಯ್ಸೋ ಮೊದಲು ಉದ್ದಕ್ಕೂ ಮ್ಯಾಗ್ನೆಟ್ ಆಡಿಸ್ಬೇಕು, ಒಳಗೆ ಮುರಿದು ಕೂತಿರೋ ಒಂದು ಮೊಳೆ ಸಾಕು ಗರಗಸದ ಬ್ಲೇಡ್ ಹಾಳಾಗೋಕೆ. ಇಟ್ಟಿಗೆನೂ ಅಷ್ಟೆ, ಮಣ್ಣಲ್ಲೋ ಸುಣ್ಣದ ಗಾರೆಯಲ್ಲೋ ಕಟ್ಟಿದ ಗೋಡೆ ಬಿಚ್ಚಿದ್ರೆ ಇಟ್ಟಿಗೆ ಇಡಿಯಾಗಿ ಬರುತ್ತೆ, ಸಿಮೆಂಟ್ ಗೋಡೆ ಬಿಚ್ಚಿದ್ರೆ ಸಿಗೋದು ಚೂರು. ನಾವು ಇವತ್ತು ಕಟ್ತಿರೋ ಮನೆಗಳಿಂದ ಮುಂದಿನವರಿಗೆ ಏನು ಸಿಗುತ್ತೆ ಅಂತ ನೆನೆಸ್ಕೊಂಡ್ರೆ ನಿಜವಾಗ್ಲೂ ಸಂಕಟ ಆಗುತ್ತೆ.

ಈಗ ಸಾಗರದಲ್ಲಿ ಒಂದು ಮನೆ ಕೆಲಸ ಬಂದಿದೆ. ಪ್ಲಾನ್ ಇನ್ನೂ ಒಂದು ಗೆರೆ ಎಳೆದಿಲ್ಲ. ಶೆಡ್‌ನಲ್ಲಿ ಒಂಬತ್ತು ಬಾಗಿಲು, ಹದಿನಾಲ್ಕು ಕಿಟಕಿ ಇದೆ, ಎಲ್ಲದಕ್ಕೂ ಚಾಕ್‌ಪೀಸಲ್ಲಿ ನಂಬರ್ ಬರೆದು ಅಳತೆ ಪಟ್ಟಿ ಮಾಡಿದೀನಿ. ಪ್ಲಾನ್ ಯಾವಾಗ ಕೊಡ್ತೀರಾ ಅಂತ ಓನರ್ ಕೇಳಿದ್ರು, ಅವರನ್ನ ಶೆಡ್‌ಗೆ ಕರ್ಕೊಂಡು ಹೋಗಿ, ಮೊದಲು ಮುಂಬಾಗಿಲು ಯಾವುದು ಅಂತ ನೀವು ಹೇಳಿ ಅಂದೆ. ಅವರು ಏಳನೇ ನಂಬರ್ ಬಾಗಿಲ ಮುಂದೆ ತುಂಬಾ ಹೊತ್ತು ನಿಂತಿದ್ರು.